ಎರಡು ಮನೆಯಿಂದ ಎರಡೂವರೆ ಮನೆಗೆ

ಆ ಜಾಝ್ ರಚನೆಯ ಹದಿನೇಳನೆಯ ಬಾರ್, ಅಂದರೆ ನಾಲ್ಕೆಣಿಕೆಯ ಹದಿನೇಳನೆಯ ತುಂಡು, ಬಂತೆಂದರೆ ಗಿಟಾರ್ ಹಿಡಿದ ನನ್ನ ಎಡಗೈ ನಿಂತುಬಿಡುತ್ತಿತ್ತು. ಬಾಸ್ ನುಡಿಸುವ ಗೆಳೆಯ ಆಗಲೇ ಅರ್ಧ ಸ್ವರ ಮೇಲೇರಿ ನಡೆಯುತ್ತಿರುತ್ತಿದ್ದ. ಡ್ರಮ್ಸ್ ನುಡಿಸುವ ಗೆಳತಿ ಸಿಂಬಲ್ ಮೇಲೆ ಸಣ್ಣದೊಂದು ಒತ್ತು ಕೊಟ್ಟು ಬ್ರಿಡ್ಜ್, ಅಂದರೆ ಶ್ರುತಿ ಏರುವ ನಡುವಿನ ಭಾಗ, ಶುರುವಾಯಿತೆಂದು ತಿಳಿಸುತ್ತಿದ್ದಳು. ನಾನು ಮಾತ್ರ ಡಿ ಸ್ವರದ ಮೇಲೆಯೇ ಉಳಿದಿರುತ್ತಿದ್ದೆ. ಎಣಿಕೆ ತಪ್ಪಿದ್ದಲ್ಲ. ಬ್ರಿಡ್ಜ್ ಬರುವುದು ಗೊತ್ತಿತ್ತು, ಗಿಟಾರಿನ ಮೆಟ್ಟಿಲುಗಳಾದ ಫ್ರೆಟ್‌ಗಳಲ್ಲಿ ಯಾವ ಫ್ರೆಟ್‌ಗೆ ಹೋಗಬೇಕೆಂಬುದೂ ಗೊತ್ತಿತ್ತು. ಆದರೆ ಒಂಬತ್ತು ವರ್ಷ ತಂಬೂರಿಯ ಪಕ್ಕದಲ್ಲಿ ಕೂತು ವೀಣೆ ಕಲಿತ ಕಿವಿ ಅಲ್ಲಿಗೆ ಹೋಗಲು ಒಪ್ಪುತ್ತಿರಲಿಲ್ಲ. ಕರ್ನಾಟಕ ಸಂಗೀತದ ನಮಗೆ ಷಡ್ಜ, ಅಂದರೆ ಆಧಾರ ಸ್ವರವಾದ ಸ, ಎಂದರೆ ನೆಲ. ಅದರ ಮೇಲೆ ಎಷ್ಟು ಬೇಕಾದರೂ ಓಡಾಡಬಹುದು, ಹಾರಬಹುದು, ಮಂದ್ರಕ್ಕೆ ಇಳಿದು ತಾರಕ್ಕೆ ಏರಬಹುದು. ನೆಲವೇ ಎದ್ದು ನಡೆದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಮೂವತ್ತೆಂಟನೆಯ ವಯಸ್ಸಿನಲ್ಲಿ ಗಿಟಾರ್ ಹಿಡಿದು, ಎರಡು ವರ್ಷಗಳಿಂದ ಶನಿವಾರ ಸಂಜೆಗಳಲ್ಲಿ ಬೆಂಗಳೂರಿನ ಕುಕ್ಸ್ ಟೌನ್‌ನ ಒಂದು ಗ್ಯಾರೇಜಿನಲ್ಲಿ ಮೂವರು ಗೆಳೆಯರೊಂದಿಗೆ ಮೋಡಲ್ ಜಾಝ್, ಅಂದರೆ ಒಂದೇ ಸ್ವರಶ್ರೇಣಿಯ ಮೇಲೆ ಬಹಳ ಹೊತ್ತು ನಿಲ್ಲುವ ಜಾಝ್, ಕಲಿಯುತ್ತಿದ್ದೇನೆ. ಕಲಿಕೆಯ ಬಹುಪಾಲು ಆ ಹದಿನೇಳನೆಯ ಬಾರ್‌ನಲ್ಲೇ ನಡೆದಿದೆ.

ರಚನೆಯ ಹೆಸರು 'ಸೋ ವಾಟ್'. 1959ರ ಮಾರ್ಚ್ 2ರಂದು ನ್ಯೂಯಾರ್ಕಿನ 30ನೇ ಬೀದಿಯಲ್ಲಿ, ಹಿಂದೆ ಚರ್ಚ್ ಆಗಿದ್ದ ಕೊಲಂಬಿಯಾ ಸ್ಟುಡಿಯೊದಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಮ್ಮ ತಂಡದೊಂದಿಗೆ ಧ್ವನಿಮುದ್ರಿಸಿದ್ದು. ಟೆನರ್ ಸ್ಯಾಕ್ಸೊಫೋನ್ ಜಾನ್ ಕೋಲ್ಟ್ರೇನ್ ಅವರದು, ಆಲ್ಟೊ ಕ್ಯಾನನ್‌ಬಾಲ್ ಆಡರ್ಲಿ ಅವರದು. ಪಿಯಾನೊ ಬಿಲ್ ಇವಾನ್ಸ್, ಬಾಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಜಿಮ್ಮಿ ಕಾಬ್. 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿನ ಮೊದಲ ರಚನೆ ಇದು, ಒಂಬತ್ತು ನಿಮಿಷಕ್ಕೂ ಮೀರಿದ್ದು. ಇದರಲ್ಲಿ ಗಿಟಾರ್ ಇಲ್ಲವೇ ಇಲ್ಲ. ನನ್ನ ಕಷ್ಟಗಳಲ್ಲಿ ಅದೂ ಒಂದು, ಅದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮುಂಚಿನ, ಬೀಬಾಪ್ ಎಂಬ ವೇಗದ ಜಾಝ್‌ನ ಕಾಲದಲ್ಲಿ ಒಂದೊಂದು ಬಾರ್‌ಗೆ ಎರಡು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಕಟ್ಟು) ಬದಲಾಗುವುದು ಸಾಮಾನ್ಯವಾಗಿತ್ತು. ನುಡಿಸುವವರು ಆ ಕಾರ್ಡ್‌ಗಳ ಬೆನ್ನು ಹತ್ತಿ ಓಡಬೇಕಿತ್ತು. ಮೋಡಲ್ ರಚನೆಯಲ್ಲಿ ಆ ಓಟ ನಿಂತಿತು. 'ಸೋ ವಾಟ್'ನಲ್ಲಿ 16 ಬಾರ್ ಡಿ ಡೋರಿಯನ್ (ಡಿ ಸ್ವರವನ್ನು ಷಡ್ಜವಾಗಿಟ್ಟ ಡೋರಿಯನ್ ಶ್ರೇಣಿ), 8 ಬಾರ್ ಅದಕ್ಕಿಂತ ಅರ್ಧ ಸ್ವರ ಮೇಲಿನ ಇ-ಫ್ಲ್ಯಾಟ್ ಡೋರಿಯನ್, ಮತ್ತೆ 8 ಬಾರ್ ಡಿ ಡೋರಿಯನ್. ಒಟ್ಟು 32 ಬಾರ್‌ಗಳ ಒಂದು ಸುತ್ತು, ಅದನ್ನು ಕೋರಸ್ ಎನ್ನುತ್ತಾರೆ. ಇಡೀ ರಚನೆಗೆ ಎರಡೇ ಸ್ವರಶ್ರೇಣಿ.

ಡೋರಿಯನ್ ಎಂದರೇನೆಂದು ಮೊದಲ ದಿನ ಕೇಳಿದಾಗ ನನಗೆ ಆದ ಸಂತೋಷ ಇನ್ನೂ ನೆನಪಿದೆ. ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. ಅದು ನಮ್ಮ ಇಪ್ಪತ್ತೆರಡನೆಯ ಮೇಳರಾಗ, ಖರಹರಪ್ರಿಯ! ಹನ್ನೆರಡನೆಯ ವಯಸ್ಸಿನಲ್ಲಿ ವೀಣೆಯ ಮೆಟ್ಟಿಲುಗಳ ಮೇಲೆ ಬೆರಳಿಗೆ ಅಂಟಿಕೊಂಡ ಸ್ವರಗಳು. ಇನ್ನೇನು, ಅರ್ಧ ದಾರಿ ಬಂದಾಗಿದೆ ಅಂದುಕೊಂಡೆ.

ಬಂದಿರಲಿಲ್ಲ. ಮೊದಲ ಶನಿವಾರ ನಾನು ನುಡಿಸಿದ್ದು ಖರಹರಪ್ರಿಯವೇ. ಗಾಂಧಾರವನ್ನು ಅಲುಗಿಸಿದೆ, ನಿಷಾದವನ್ನು ಷಡ್ಜದ ಕಡೆಯಿಂದ ಜಾರಿಸಿದೆ, ಪಂಚಮದಲ್ಲಿ ನಿಂತೆ, ಷಡ್ಜಕ್ಕೆ ಬಂದು ವಾಕ್ಯ ಮುಗಿಸಿದೆ. ನನ್ನ ಗಿಟಾರ್ ಟೊಳ್ಳು ಒಡಲಿನದು, ಅದಕ್ಕೆ ದಪ್ಪನೆಯ ಫ್ಲ್ಯಾಟ್‌ವೌಂಡ್ ತಂತಿ. ಅದನ್ನು ಎಳೆದು ಗಮಕದ ಅಲುಗಾಟ ತರುವಷ್ಟರಲ್ಲಿ ಬೆರಳ ತುದಿ ಉರಿಯುತ್ತಿತ್ತು. ಮುಗಿಸಿದ ಮೇಲೆ ಸ್ಯಾಕ್ಸೊಫೋನ್ ನುಡಿಸುವವರು, ನಮ್ಮಲ್ಲಿ ಹಿರಿಯರು ಅವರೇ, ಚೆನ್ನಾಗಿತ್ತು ಎಂದರು. ಆಮೇಲೆ ಸ್ವಲ್ಪ ತಡೆದು, "ಆದರೆ ನೀವು ನಮ್ಮ ಜೊತೆ ನುಡಿಸುತ್ತಿರಲಿಲ್ಲ, ನಮ್ಮ ಮೇಲೆ ನುಡಿಸುತ್ತಿದ್ದಿರಿ" ಎಂದರು.

ರಾಗಕ್ಕೆ ಮುಖವಿದೆ. ಯಾವ ಸ್ವರದಿಂದ ಯಾವ ಸ್ವರಕ್ಕೆ ಹೇಗೆ ಹೋಗಬೇಕು, ಯಾವುದನ್ನು ಅಲುಗಿಸಬೇಕು, ಎಲ್ಲಿ ನಿಲ್ಲಬೇಕು ಎಂಬುದು ಅದರ ಚಹರೆ. ಮೋಡ್ ಎಂಬುದಕ್ಕೆ ಅಂಥ ಮುಖವಿಲ್ಲ. ಅದು ಸ್ವರಗಳನ್ನು ಹರಡಿದ ಜಮಖಾನ. ಮುಖವನ್ನು ಪ್ರತಿ ಸಲ ನುಡಿಸುವವರೇ ಬರೆಯಬೇಕು. ಗಮಕವಿಲ್ಲದ ಗಾಂಧಾರವನ್ನು, ಎಫ್ ಸ್ವರವನ್ನು, ಬರಿದಾಗಿ, ನೇರವಾಗಿ ನುಡಿಸಿ ಅದು ಪೂರ್ಣವಾಗಿದೆ ಎಂದು ನಂಬಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಮೈಲ್ಸ್ ಅವರ ಎರಡು ಕೋರಸ್‌ಗಳ ಸೋಲೋ, ಅಂದರೆ ಅವರೊಬ್ಬರೇ ಮುಂದಾಗಿ ಆಶುವಾಗಿ ನುಡಿಸುವ ಭಾಗ, ಅದಕ್ಕೆ ನನ್ನ ಪಾಠವಾಯಿತು. ಅವರು ಒಂದು ಸ್ವರ ಊದಿ, ಕಾಯುತ್ತಾರೆ. ಆ ಸ್ವರ ಕೋಣೆಯಲ್ಲಿ ಕರಗುವವರೆಗೆ ಕಾಯುತ್ತಾರೆ. 64 ಬಾರ್‌ಗಳನ್ನು ನಾನು ತಂತಿ ಮೀಟುವ ಪಿಕ್ ಮುಟ್ಟದೆ, ಬಾಯಲ್ಲಿ ಹಾಡಿ ಹಾಡಿ ಕಲಿತೆ. ವೀಣೆಯ ಪಾಠವೂ ಹಾಗೆಯೇ ತಾನೆ: ಹಾಡಲು ಬಾರದ್ದನ್ನು ಮೀಟಬೇಡ ಎಂದೇ ಅಮ್ಮ ಹೇಳಿಕೊಡುತ್ತಿದ್ದುದು.

ಆ ಹಾಡಿಕೆಯಲ್ಲೇ ಒಂದು ವಿಚಿತ್ರ ಕಂಡಿತು. ಗೆಳೆಯರ ಮನೆಯಲ್ಲಿದ್ದ ಇದೇ ಆಲ್ಬಮ್ಮಿನ ಹಳೆಯ ಎಲ್‌ಪಿಯ ಜೊತೆ ನುಡಿಸಿದರೆ ನನ್ನ ಗಿಟಾರ್ ಸದಾ ಇಳಿದಂತೆ ಕೇಳುತ್ತಿತ್ತು. ಬಿರಡೆ ತಿರುಗಿಸಿ ಸರಿಮಾಡಿದರೆ ಇತರ ಆಲ್ಬಮ್‌ಗಳಿಗೆ ಹೊಂದುತ್ತಿರಲಿಲ್ಲ. ಕಿವಿಯ ಮೇಲೆಯೇ ಸಂಶಯ ಬಂತು. ವಿಷಯ ಬೇರೆಯೇ ಇತ್ತು. ಆ ಮಾರ್ಚ್ 2ರ ಮುದ್ರಣದಲ್ಲಿ ಟೇಪ್ ಯಂತ್ರ ಕೊಂಚ ನಿಧಾನವಾಗಿ ಓಡಿತ್ತು. ಹಾಗಾಗಿ ಸರಿಯಾದ ವೇಗದಲ್ಲಿ ತಿರುಗಿಸಿದಾಗ ಎಲ್‌ಪಿಯ ಮೊದಲ ಮಗ್ಗುಲು ಇಡಿಯಾಗಿ ಸ್ವಲ್ಪ ಏರಿದ ಶ್ರುತಿಯಲ್ಲಿ ಹೊರಬಂತು. 1990ರ ದಶಕದ ಮರುಬಿಡುಗಡೆಗಳಲ್ಲಿ ಅದನ್ನು ಸರಿಪಡಿಸಿದರು. ಮೂರು ದಶಕ ಲೋಕವೆಲ್ಲ ಏರಿದ ಶ್ರುತಿಯಲ್ಲಿ ಕೇಳಿದ್ದ ಸಂಗೀತ. ನನ್ನ ಕಿವಿ ಸರಿಯಾಗಿತ್ತೆಂದು ತಿಳಿದ ರಾತ್ರಿ ನೆಮ್ಮದಿಯಿಂದ ನಿದ್ದೆ ಮಾಡಿದೆ.

ಸೋಲೋದ ವಿಷಯಕ್ಕೆ ಬಂದರೆ, ನನಗೆ ನಿಜವಾಗಿ ಬಾಗಿಲು ತೆರೆದದ್ದು ಐದು ಸ್ವರಗಳ ಶ್ರೇಣಿಗಳು. ಡಿ ಡೋರಿಯನ್‌ನ ಒಳಗೆ ಮೂರು ಮೈನರ್ ಪೆಂಟಟಾನಿಕ್‌ಗಳು ಅಡಗಿವೆ: ಡಿ, ಇ ಮತ್ತು ಎ. ಗಿಟಾರ್ ಕಲಿಯುವವರಿಗೆಲ್ಲ ಇದನ್ನು ಹೇಳಿಕೊಡುತ್ತಾರೆ, ಒಂದೇ ಆಕೃತಿಯನ್ನು ಮೂರು ಕಡೆ ಇಟ್ಟರಾಯಿತು. ನಾನು ಅವುಗಳನ್ನು ಡಿ ಷಡ್ಜಕ್ಕೆ ಹೋಲಿಸಿ ಹಾಡಿಕೊಂಡಾಗ ಮೈ ಜುಮ್ಮೆಂದಿತು. ಡಿಯಿಂದ ಹೊರಟದ್ದು ಸ ಗ ಮ ಪ ನಿ, ಶುದ್ಧ ಧನ್ಯಾಸಿಯ ಸ್ವರಗಳು. ಇಯಿಂದ ಹೊರಟದ್ದು ಸ ರಿ ಮ ಪ ದ, ಶುದ್ಧ ಸಾವೇರಿ. ಎಯಿಂದ ಹೊರಟದ್ದು ಸ ರಿ ಮ ಪ ನಿ. ಅದು ಮಧ್ಯಮಾವತಿ, ಕಛೇರಿಯ ಕೊನೆಗೆ ಮಂಗಳಕ್ಕೆ ಹಾಡುವ ರಾಗ. ಅದರಲ್ಲಿ ಗಾಂಧಾರವಿಲ್ಲ, ಆದ್ದರಿಂದ ಮೈನರ್ ಎಂಬ ದುಗುಡವೂ ಇಲ್ಲ. ಆ ಬಾಸ್ ಮೇಲೆ ಅದನ್ನು ಇಟ್ಟರೆ ಕಿಟಕಿ ತೆರೆದಷ್ಟು ಬಯಲಾಗಿ ಕೇಳುತ್ತದೆ. ಈಗ ಮೊದಲ ಎಂಟು ಬಾರ್ ಧನ್ಯಾಸಿಯಲ್ಲಿ ಹತ್ತಿರದಿಂದ ಮಾತಾಡಿ, ಎರಡನೆಯ ಎಂಟಕ್ಕೆ ಮಧ್ಯಮಾವತಿಯ ಸ್ವರಗಳಿಗೆ ಹೊರಳಿದರೆ, ಕಾರ್ಡ್ ಬದಲಾಗದಿದ್ದರೂ ಬೆಳಕು ಬದಲಾಗುತ್ತದೆ. ಗಮಕ ಹಾಕುವುದಿಲ್ಲ. ರಾಗದ ಹೆಸರು ನನ್ನ ನೆನಪಿನ ಗುರುತು ಮಾತ್ರ. ಗ್ಯಾರೇಜಿನಲ್ಲಿ ಯಾರಿಗೂ ಅದನ್ನು ಹೇಳಿಲ್ಲ.

ಆದರೂ ಹದಿನೇಳನೆಯ ಬಾರ್ ಹಾಗೆಯೇ ಇತ್ತು.

ತಂಬೂರಿ ಆ್ಯಪ್‌ನಲ್ಲಿ ಡಿ ಇಟ್ಟುಕೊಂಡು, ಅಂದರೆ ನಮ್ಮ ಲೆಕ್ಕದ ಎರಡು ಮನೆ ಶ್ರುತಿಗೆ, 16 ಬಾರ್ ನುಡಿಸಿ, ನಿಲ್ಲಿಸಿ, ಎರಡೂವರೆ ಮನೆಗೆ, ಅಂದರೆ ಇ-ಫ್ಲ್ಯಾಟ್‌ಗೆ, ಏರಿಸಿ, ಎಂಟು ಬಾರ್ ನುಡಿಸಿ ಅಭ್ಯಾಸ ಮಾಡಿದೆ. ಬದಲಿಸುವ ಆ ಎರಡು ಕ್ಷಣಗಳಲ್ಲಿ ಸಂಗೀತ ಸತ್ತುಹೋಗುತ್ತಿತ್ತು. ಆ ದಿನಗಳಲ್ಲಿ ಅಮ್ಮ ಮೈಸೂರಿನಿಂದ ಬಂದು ಮೂರು ವಾರ ನಮ್ಮ ಮನೆಯಲ್ಲಿದ್ದರು. ಸರಸ್ವತಿಪುರದಲ್ಲಿ ಈಗಲೂ ಮಕ್ಕಳಿಗೆ ವೀಣೆ ಹೇಳಿಕೊಡುತ್ತಾರೆ. ಅವರೆಕಾಳು ಸುಲಿಯುತ್ತ ಕೇಳುತ್ತಿದ್ದವರು ಇದೇನು ಗ್ರಹಭೇದವೇ ಎಂದರು. ಅಲ್ಲ ಎಂದು ನಾನು ಹೇಳುವ ಮುಂಚೆ ಅವರೇ ತಲೆ ಅಲ್ಲಾಡಿಸಿದರು. ಗ್ರಹಭೇದದಲ್ಲಿ ಸ್ವರಸ್ಥಾನಗಳು ಇದ್ದಲ್ಲೇ ಇರುತ್ತವೆ, ಷಡ್ಜದ ಪಟ್ಟ ಇನ್ನೊಂದು ಸ್ವರಕ್ಕೆ ಹೋಗುತ್ತದೆ, ರಾಗ ಬದಲಾಗುತ್ತದೆ. ಇಲ್ಲಿ ರಾಗದ ಆಕಾರ ಅದೇ, ಸ್ವರಸ್ಥಾನಗಳೆಲ್ಲ ಒಂದು ಮೆಟ್ಟಿಲು ಮೇಲೆ. "ಇದು ವೀಣೆಯನ್ನೇ ಎತ್ತಿ ಪಕ್ಕಕ್ಕೆ ಇಟ್ಟಂತೆ" ಎಂದರು.

ಆಮೇಲೆ ಕಾಳು ಬದಿಗಿಟ್ಟು, "ಎಲ್ಲ ಸ್ವರವೂ ಏರುತ್ತದೆಯೇ? ಎರಡೂ ಕಡೆ ಸಿಗುವುದು ಯಾವುದೂ ಇಲ್ಲವೇ?" ಎಂದು ಕೇಳಿದರು.

ಆ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ. ಕಾಗದ ತಂದು ಬರೆದೆವು. ಡಿ ಡೋರಿಯನ್‌ನಲ್ಲಿ ಡಿ, ಇ, ಎಫ್, ಜಿ, ಎ, ಬಿ, ಸಿ. ಮೇಲಿನದರಲ್ಲಿ ಇ-ಫ್ಲ್ಯಾಟ್, ಎಫ್, ಜಿ-ಫ್ಲ್ಯಾಟ್, ಎ-ಫ್ಲ್ಯಾಟ್, ಬಿ-ಫ್ಲ್ಯಾಟ್, ಸಿ, ಡಿ-ಫ್ಲ್ಯಾಟ್. ಏಳರಲ್ಲಿ ಎರಡೇ ಸ್ವರ ಎರಡೂ ಕಡೆ ಇವೆ, ಎಫ್ ಮತ್ತು ಸಿ. ಡಿಗೆ ಗಾಂಧಾರವಾಗಿದ್ದ ಎಫ್ ಇ-ಫ್ಲ್ಯಾಟ್‌ಗೆ ರಿಷಭ. ಡಿಗೆ ನಿಷಾದವಾಗಿದ್ದ ಸಿ ಅಲ್ಲಿ ಧೈವತ. ಅಮ್ಮ ಎಫ್ ಹಿಡಿದು 'ಗಾ' ಎಂದು ಹಾಡತೊಡಗಿದರು. ನಾನು ಗಿಟಾರಿನಲ್ಲಿ ಡಿ ಮೈನರ್ ಮೀಟಿದೆ, ನಾಲ್ಕು ಎಣಿಸಿ ಇ-ಫ್ಲ್ಯಾಟ್ ಮೈನರ್‌ಗೆ ಹೋದೆ. ಅವರ ಧ್ವನಿ ಒಂದಿಷ್ಟೂ ಅಲುಗಲಿಲ್ಲ, ಅಕ್ಷರ ಮಾತ್ರ ಬದಲಾಯಿತು. 'ಗಾ' ಹಾಡುತ್ತಿದ್ದವರು ಉಸಿರು ಮುರಿಯದೆ 'ರೀ' ಎಂದರು. ನೆಲ ಏರಿತು, ಅವರು ಇದ್ದಲ್ಲೇ ಇದ್ದರು.

ಅದಾದ ಮೇಲೆ ನಾನು ಹದಿನಾರನೆಯ ಬಾರ್‌ನಲ್ಲಿ ಎಫ್ ಅಥವಾ ಸಿ ಹಿಡಿದು ಗೆರೆ ದಾಟುವುದನ್ನೇ ಎರಡು ತಿಂಗಳು ಮಾಡಿದೆ. ಬಾಸ್ ಕೆಳಗಿನಿಂದ ಸರಿಯುತ್ತದೆ, ನನ್ನ ಸ್ವರ ನಿಂತಲ್ಲೇ ಬಣ್ಣ ಬದಲಿಸುತ್ತದೆ. ಆ ಬಣ್ಣ ಕಿವಿಗೆ ಬಿದ್ದ ಮೇಲೆ ಉಳಿದ ಐದು ಸ್ವರಗಳು ತಾವಾಗಿಯೇ ಬೆರಳಿಗೆ ಬರತೊಡಗಿದವು. ಮರಳಿ ಇಳಿಯುವಾಗಲೂ ಅವೇ ಎರಡು ಸ್ವರಗಳು ಕೈಹಿಡಿಯುತ್ತವೆ. ಗಿಟಾರಿನಲ್ಲಿ ಆಕೃತಿಯನ್ನು ಒಂದು ಫ್ರೆಟ್ ಮೇಲಕ್ಕೆ ತಳ್ಳಿದರೆ ಆಯಿತು ಎಂದು ಒಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಕೈಗೆ ಅದು ನಿಜ. ಕಿವಿಗೆ ಅದರಿಂದ ಏನೂ ಸಿಗುವುದಿಲ್ಲ, ಮತ್ತು ಅಂಥ ಸುಲಭದ ಪಾಠ ನನ್ನ ಆರು ತಿಂಗಳನ್ನು ತಿಂದಿತೆಂದೇ ನನ್ನ ಭಾವನೆ.

ಎಣಿಕೆಯ ಮಾತನ್ನೂ ಹೇಳಿಬಿಡುತ್ತೇನೆ. ನಾಲ್ಕೆಣಿಕೆಯ ಎಂಟು ಬಾರ್ ಎಂದರೆ ಆದಿತಾಳದ ನಾಲ್ಕು ಆವರ್ತನ. ಬ್ರಿಡ್ಜ್ ಮುಗಿದ ಮೇಲೆ ಎಂಟು ಬಾರ್, ಹೊಸ ಕೋರಸ್‌ನ ಹದಿನಾರು, ಒಟ್ಟು ಇಪ್ಪತ್ನಾಲ್ಕು ಬಾರ್ ಡಿಯಲ್ಲೇ ಹರಿಯುತ್ತದೆ, ಹನ್ನೆರಡು ಆವರ್ತನ. ದಾರಿಯಲ್ಲಿ ಮೈಲಿಗಲ್ಲುಗಳೇ ಇಲ್ಲ. ಎಲ್ಲರೂ ಕಳೆದುಹೋಗುವುದು ಅಲ್ಲಿಯೇ. ಕಾಲ ಹೆಬ್ಬೆರಳಿನಲ್ಲಿ ತಾಳ ಹಾಕುವ ಹಳೆಯ ಅಭ್ಯಾಸ ನನ್ನನ್ನು ಅಲ್ಲಿ ಕಾಪಾಡಿದೆ.

ಇನ್ನು ಕಾಂಪಿಂಗ್. ಸೋಲೋ ನುಡಿಸುವವರ ಹಿಂದೆ ಕಾರ್ಡ್‌ಗಳನ್ನು ಇಡುವ ಈ ಕೆಲಸಕ್ಕೆ ನಮ್ಮಲ್ಲಿ ಹತ್ತಿರದ ಮಾತು ಪಕ್ಕವಾದ್ಯ. ಆದರೆ ಪಿಟೀಲಿನವರಂತೆ ಹಾಡಿದ್ದನ್ನು ನೆರಳಾಗಿ ಹಿಂಬಾಲಿಸುವುದು ಇಲ್ಲಿಲ್ಲ. ಮೃದಂಗದವರು ಹಾಡಿನ ಒಂದು ಸಂಗತಿಯ ಕೊನೆಗೆ ಸರಿಯಾಗಿ ಒಂದು ತೊಪ್ಪಿ, ಅಂದರೆ ಎಡಬದಿಯ ಪೆಟ್ಟು, ಇಡುತ್ತಾರಲ್ಲ, ಅದಕ್ಕೆ ಹೆಚ್ಚು ಸಮೀಪ. ವೀಣೆಯಲ್ಲಿ ಬಲಗೈ ಕಿರುಬೆರಳು ತಾಳದ ತಂತಿಗಳನ್ನು ಮೀಟುತ್ತದೆ. ನನ್ನ ಕಿರುಬೆರಳು ಮೊದಲು ಗಿಟಾರಿನಲ್ಲೂ ಅದನ್ನೇ ಮಾಡಿತು, ಪ್ರತಿ ಎಣಿಕೆಯ ತಲೆಗೆ ಒಂದು ಕಾರ್ಡ್. ಸ್ಯಾಕ್ಸ್‌ನವರಿಗೆ ಉಸಿರಾಡಲು ಜಾಗವೇ ಇರುತ್ತಿರಲಿಲ್ಲ.

ಪಿಯಾನೊಗೆಂದು ಬಿಲ್ ಇವಾನ್ಸ್ ಕಟ್ಟಿದ ಕಾರ್ಡ್ ಗಿಟಾರಿನಲ್ಲಿ ಕಾದು ಕೂತಿತ್ತೆಂಬುದು ನನಗೆ ಸಿಕ್ಕ ದೊಡ್ಡ ಉಡುಗೊರೆ. ಬಾಸ್ ಪ್ರಶ್ನೆ ಕೇಳಿದಂತೆ ಒಂದು ವಾಕ್ಯ ನುಡಿಸಿದಾಗ ಪಿಯಾನೊ ಎರಡು ಕಾರ್ಡ್‌ಗಳಲ್ಲಿ ಉತ್ತರಿಸುತ್ತದೆ, ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಕೆಳಗಿನಿಂದ 'ನಾಲ್ಕನೆಯ ಅಂತರ' (ಸ-ಮ ನಡುವಿನಷ್ಟು ದೂರ) ಮೂರು ಸಲ, ಮೇಲೊಂದು 'ಮೇಜರ್ ಮೂರನೆಯದು' (ಸ ಮತ್ತು ಅಂತರ ಗಾಂಧಾರದ ನಡುವಿನಷ್ಟು ದೂರ): ಇ, ಎ, ಡಿ, ಜಿ, ಬಿ. ಗಿಟಾರ್ ಹಿಡಿದವರಿಗೆ ಈ ಸಾಲು ಗೊತ್ತಿರುತ್ತದೆ. ದಪ್ಪ ತಂತಿಯಿಂದ ಐದನೆಯದರವರೆಗೆ ಗಿಟಾರಿನ ಶ್ರುತಿಯೇ ಅದು. ಹನ್ನೆರಡನೆಯ ಫ್ರೆಟ್‌ನಲ್ಲಿ ತೋರುಬೆರಳನ್ನು ಅಡ್ಡ ಮಲಗಿಸಿದರೆ ಮೊದಲ ಕಾರ್ಡ್, ಹತ್ತನೆಯದಕ್ಕೆ ಇಳಿಸಿದರೆ ಡಿ, ಜಿ, ಸಿ, ಎಫ್, ಎ. ಉತ್ತರ ಮುಗಿಯಿತು. ಬ್ರಿಡ್ಜ್‌ಗೆ ಹದಿಮೂರು ಮತ್ತು ಹನ್ನೊಂದು.

ಹತ್ತು ಬೆರಳಿನ ಪಿಯಾನೊದ ಕೆಲಸ ಒಂದು ಬೆರಳಿಗೆ ಸಿಕ್ಕಿತೆಂದು ಅದನ್ನೇ ಎಲ್ಲ ಕಡೆ ಬಳಸಿದೆ. ಬಾಸ್ ನುಡಿಸುವ ಗೆಳೆಯ ತಾಳ್ಮೆಯಿಂದ ಹೇಳಿದ, ದಪ್ಪ ತಂತಿ ಬಾಸ್‌ನ ಜಾಗ, ಅಲ್ಲಿಗೆ ಬರಬೇಡ ಎಂದು. ಈಗ ನಡುವಿನ ಮೂರು ತಂತಿಗಳಲ್ಲಿ, ಡಿ, ಜಿ, ಬಿ ತಂತಿಗಳಲ್ಲಿ ಮೂರು ಸ್ವರದ ಕಟ್ಟುಗಳನ್ನು ಹಿಡಿಯುತ್ತೇನೆ. ಐದು, ಐದು, ಆರನೆಯ ಫ್ರೆಟ್ ಹಿಡಿದರೆ ಜಿ, ಸಿ, ಎಫ್. ಏಳು, ಏಳು, ಎಂಟು ಎಂದರೆ ಎ, ಡಿ, ಜಿ. ಒಂಬತ್ತು, ಒಂಬತ್ತು, ಹತ್ತು ಎಂದರೆ ಬಿ, ಇ, ಎ. ಹೀಗೆ ಶ್ರೇಣಿಯ ಮೇಲೆ ಹತ್ತಿ ಇಳಿಯಬಹುದು, ಯಾವುದೂ ತಪ್ಪಲ್ಲ, ಯಾವುದೂ ಮನೆಗೆ ಬಂದಂತೆಯೂ ಅಲ್ಲ. ಕೋಲ್ಟ್ರೇನ್ ತಂಡದ ಪಿಯಾನೊ ವಾದಕ ಮೆಕಾಯ್ ಟೈನರ್ ಈ ನಾಲ್ಕನೆಯ ಅಂತರಗಳಲ್ಲೇ ಒಂದು ಲೋಕ ಕಟ್ಟಿದರು. ಒಂದು ಕಡೆ ಮಾತ್ರ ಎಚ್ಚರ ಬೇಕು. ಮೂರು, ನಾಲ್ಕು, ಐದನೆಯ ಫ್ರೆಟ್‌ಗಳಲ್ಲಿ ಸಿಗುವ ಎಫ್, ಬಿ, ಇ ಕಟ್ಟಿನಲ್ಲಿ ಎಫ್ ಮತ್ತು ಬಿ ಜೊತೆಯಾದಾಗ ಕಿವಿ ಸಿ ಮೇಜರ್‌ಗೆ ಹೊರಟು ನಿಲ್ಲುತ್ತದೆ. ಡೋರಿಯನ್‌ಗೆ ಅದರ ಬೆಳಕು ಕೊಡುವ ಸ್ವರವೂ ಅದೇ ಬಿ, ನಮ್ಮ ಚತುಶ್ರುತಿ ಧೈವತ. ಅದನ್ನು ಮುಟ್ಟಬೇಕು, ಅಲ್ಲಿ ಕೂರಬಾರದು.

ಕಾಂಪಿಂಗ್‌ಗೆ ಪಿಕ್ ಬಿಟ್ಟಿದ್ದೇನೆ. ಪಿಕ್ಕಿನಿಂದ ಗೀರಿದರೆ ತಂತಿಗಳು ಒಂದರ ಹಿಂದೊಂದು ಮಾತಾಡುತ್ತವೆ. ಬೆರಳುಗಳಿಂದ ಒಟ್ಟಿಗೆ ಮೀಟಿದರೆ ಒಂದೇ ಸಲ. ಮೀಟಿಗೆ ಪ್ರಾಧಾನ್ಯ ಕೊಡುವ ಮೈಸೂರು ಬಾನಿಯಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು. ಧ್ವನಿಮುದ್ರಿಕೆಯಲ್ಲಿ ಗಿಟಾರ್ ಇಲ್ಲದ ಕೊರತೆಯನ್ನು ಬೇರೆಡೆ ತುಂಬಿಕೊಂಡೆ. 1962ರ 'ದಿ ಬ್ರಿಡ್ಜ್'ನಲ್ಲಿ ಸನ್ನಿ ರಾಲಿನ್ಸ್ ಅವರ ಸ್ಯಾಕ್ಸೊಫೋನಿನ ಹಿಂದೆ ಜಿಮ್ ಹಾಲ್ ನುಡಿಸಿರುವುದನ್ನು ಕೇಳಿ. ಅದು ಮೋಡಲ್ ಆಲ್ಬಮ್ ಅಲ್ಲ, ಆದರೆ ಸುಮ್ಮನಿರುವುದನ್ನು ಗಿಟಾರಿನಲ್ಲಿ ಅಷ್ಟು ಚೆನ್ನಾಗಿ ಮಾಡಿದವರನ್ನು ನಾನು ಇನ್ನೂ ಕೇಳಿಲ್ಲ. ಸೋಲೋಗೆ ವೆಸ್ ಮಾಂಟ್‌ಗಮರಿ ಇದ್ದಾರೆ. 'ಸೋ ವಾಟ್'ನ ಅಚ್ಚಿನಲ್ಲೇ ಕೋಲ್ಟ್ರೇನ್ ಕಟ್ಟಿದ 'ಇಂಪ್ರೆಶನ್ಸ್' ಅನ್ನು ಅವರು ಪಿಕ್ ಇಲ್ಲದೆ ಹೆಬ್ಬೆರಳಿನಿಂದ ಎಷ್ಟು ವೇಗವಾಗಿ ನುಡಿಸುತ್ತಾರೆಂದರೆ, ನಾನು ಅರ್ಧ ವೇಗಕ್ಕೆ ಇಳಿಸಿ ಕೇಳಿದರೂ ಎರಡು ಬಾರ್‌ಗಿಂತ ಹೆಚ್ಚು ಹಿಡಿಯಲಾಗಿಲ್ಲ.

ಬೆಂಗಳೂರಿಗೂ ಈ ಸಂಗೀತಕ್ಕೂ ನಂಟು ಇಲ್ಲವೆಂದು ಯಾರಾದರೂ ಹೇಳಿದರೆ ನಾನು 'ಜ್ಯೋತಿ' ಕೇಳಿಸುತ್ತೇನೆ. ಚಾರ್ಲ್ಸ್ ಮಿಂಗಸ್ ತಂಡದಲ್ಲಿ ನುಡಿಸಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರು ಟಿ.ಎ.ಎಸ್. ಮಣಿ ಅವರ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ 1983ರಲ್ಲಿ ಮುದ್ರಿಸಿದ್ದು. ಆರ್.ಎ. ರಮಾಮಣಿ ಅವರ ಧ್ವನಿ ಅದರಲ್ಲಿದೆ. ಅಲ್ಲಿ ಶ್ರುತಿ ನಿಂತಿರುತ್ತದೆ, ಸ್ಯಾಕ್ಸೊಫೋನ್ ಅದರ ಬಳಿಗೆ ಬರುತ್ತದೆ. ನಾನು ಎದುರು ದಿಕ್ಕಿನಿಂದ ನಡೆಯುತ್ತಿದ್ದೇನೆ.

ಕಳೆದ ಶನಿವಾರ ಸ್ಯಾಕ್ಸ್‌ನವರು ಐದು ಕೋರಸ್ ನುಡಿಸಿದರು. ಮೂರನೆಯದರಲ್ಲಿ ಅವರು ಬ್ರಿಡ್ಜ್‌ಗೆ ಬರುವ ಮುಂಚೆ ಒಂದು ಸಿ ಹಿಡಿದರು, ಉದ್ದಕ್ಕೆ. ನನ್ನ ಕೈಯಲ್ಲಿ ಎ, ಡಿ, ಜಿ ಕಟ್ಟು ಇತ್ತು. ಮೀಟಲಿಲ್ಲ. ಬಾಸ್ ಒಂದನ್ನೇ ಏರಲು ಬಿಟ್ಟೆ. ಸಿ ನಿಷಾದವಾಗಿದ್ದದ್ದು ಧೈವತವಾಯಿತು, ನಾಲ್ವರಿಗೂ ಅದು ಒಟ್ಟಿಗೆ ಕೇಳಿಸಿತು; ಡ್ರಮ್ಸ್‌ನವಳು ತಲೆ ಎತ್ತಿ ನೋಡಿದಳು. ಬ್ರಿಡ್ಜ್‌ನ ಐದನೆಯ ಬಾರ್‌ನಲ್ಲಿ, ಎರಡನೆಯ ಎಣಿಕೆಯ ಅರ್ಧಕ್ಕೆ, ಎಂಟು, ಎಂಟು, ಒಂಬತ್ತನೆಯ ಫ್ರೆಟ್ ಹಿಡಿದು ಒಂದು ಸಲ ಮೀಟಿದೆ. ಆ ಎಂಟು ಬಾರ್‌ಗಳಲ್ಲಿ ನಾನು ನುಡಿಸಿದ್ದು ಅಷ್ಟೇ. ಮುಗಿದ ಮೇಲೆ ಅವರು ಸ್ಯಾಕ್ಸೊಫೋನಿನ ಬಾಯಿ ಒರೆಸುತ್ತ, ಇನ್ನೊಮ್ಮೆ ನುಡಿಸೋಣವೇ ಎಂದು ಕೇಳಿದರು.